ಬರಿಗೋಡೆಯ ಇಗರ್ಜಿ

ಬಾನುಲಿಯಲ್ಲಿ ಚಿತ್ರವನ್ನು ತೋರಿಸಲು ಬರುವುದಿಲ್ಲ, ಹೇಳಲಷ್ಟೇ ಬರುತ್ತದೆ. ಇದು ಅನನುಕೂಲವೇ ಸರಿ. ಆದರೆ ಅದರಿಂದ ಒಂದು ಲಾಭವೂ ಉಂಟು. ಚಿತ್ರ ಕಣ್ಣೆದುರಿಗೆ ಇದ್ದಾಗ ನೋಡಿಯಾಯಿತೆಂದು ನಾವು ಬೇಗನೆ ತೃಪ್ತರಾಗಿಬಿಡುತ್ತೇವೆ. ಅದನ್ನು ಇನ್ನೊಬ್ಬರಿಗೆ ಮಾತಿನಲ್ಲಿ ಹೇಳತೊಡಗಿದಾಗಲೇ ನಾವು ಎಷ್ಟನ್ನು ನೋಡದೆ ಬಿಟ್ಟಿದ್ದೆವೆಂಬುದು ತಿಳಿಯುತ್ತದೆ. ಇಂದು ನಾನು ಹೇಳಹೊರಟಿರುವ ಚಿತ್ರವಂತೂ ಮೇಲುನೋಟಕ್ಕೆ ಏನೂ ಇಲ್ಲದ ಚಿತ್ರ. ಅದು ಹಾಲೆಂಡಿನ ಒಂದು ಇಗರ್ಜಿಯ ಒಳಾಂಗಣ. ಕಂಬಗಳಿವೆ, ಕಮಾನುಗಳಿವೆ, ಬೆಳಕಿದೆ. ಅಲ್ಲಿಗೆ ಮುಗಿಯಿತೆಂದು ಪುಟ ತಿರುವಿಬಿಡಬಹುದು. ಹಾಗೆ ತಿರುವದೆ ಸ್ವಲ್ಪ ಹೊತ್ತು ನಿಂತು ಓದಿದರೆ ಅದು ಭಟ್ಕಳ, ಹೊನ್ನಾವರ, ಕುಮಟೆಗಳ ನಮಗೂ ಸಂಬಂಧಪಟ್ಟ ಮಾತನ್ನು ಹೇಳುತ್ತದೆಂಬುದು ನನ್ನ ಅನುಭವ.

'ಇಗರ್ಜಿ' ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಪೋರ್ಚುಗೀಜರಿಂದ ಕೊಂಕಣಿಗೆ ಬಂದು, ಅಲ್ಲಿಂದ ನಮ್ಮ ಕರಾವಳಿಯ ಕನ್ನಡಕ್ಕೆ ಇಳಿದ ಪದವದು. ಬೇರೆ ಜನರ ಪೂಜಾಸ್ಥಳಕ್ಕೆ ನಮ್ಮ ನುಡಿಯಲ್ಲಿ ಒಂದು ಹೆಸರಿದೆಯೆಂದರೆ, ಅದರ ಬಾಗಿಲಿನವರೆಗಾದರೂ ನಾವು ಹೋಗಿದ್ದೇವೆಂದು ಅರ್ಥ. ಒಳಗನ್ನು ನೋಡುವುದು ಮುಂದಿನ ಕೆಲಸ.

ಚಿತ್ರದ ಹುಟ್ಟಿನಿಂದ ಆರಂಭಿಸೋಣ. ಹಾಲೆಂಡಿನ ಹಾರ್ಲೆಮ್ ನಗರದಲ್ಲಿ ಸಾಮುಯೆಲ್ ಆಂಪ್ಸಿಂಗ್ ಎಂಬ ಪಾದ್ರಿಯೂ ಕವಿಯೂ ಆದವನೊಬ್ಬನಿದ್ದ. ಅವನು ತನ್ನ ಊರನ್ನು ಪದ್ಯದಲ್ಲಿ ವರ್ಣಿಸಿ 1628ರಲ್ಲಿ ಒಂದು ಗ್ರಂಥವನ್ನು ಅಚ್ಚುಮಾಡಿಸಿದ. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಆಂಪ್ಸಿಂಗನ ಗ್ರಂಥ ಪುರವರ್ಣನೆಯೊಂದೇ ಬೆಳೆದು ಕಾವ್ಯವಾದಂತಿದೆ. ಆ ಗ್ರಂಥಕ್ಕೆ ಊರಿನ ದೊಡ್ಡ ಇಗರ್ಜಿಯಾದ ಸಂತ ಬಾವೋನ ಮಂದಿರದ ಒಳನೋಟವನ್ನು ಬರೆದುಕೊಟ್ಟವನು ಪೀಟರ್ ಸಾನ್ರೆದಾಮ್. ಅದನ್ನು ತಾಮ್ರದ ತಗಡಿನ ಮೇಲೆ ಕೊರೆದವನು ಯಾನ್ ವಾನ್ ದೆ ವೆಲ್ಡೆ. ಸಾನ್ರೆದಾಮ್ 1597ರಲ್ಲಿ ಹುಟ್ಟಿದವನು. ಅವನ ತಂದೆಯೂ ಹೆಸರಾಂತ ತಾಮ್ರಕೊರೆತಗಾರ. ಮಗ ಮುಂದೆ ಜೀವಮಾನವೆಲ್ಲ ಇಗರ್ಜಿಗಳ ಒಳಾಂಗಣಗಳನ್ನು ಬರೆಯುವುದಕ್ಕೇ ಮೀಸಲಾದ. 1665ರಲ್ಲಿ ಸತ್ತಾಗ ಅವನನ್ನು ಹೂಳಿದ್ದೂ ಇದೇ ಸಂತ ಬಾವೋನ ಇಗರ್ಜಿಯ ನೆಲದಲ್ಲಿ.

ಇಂತಹ ಚಿತ್ರವನ್ನು ಓದುವ ಮೊದಲನೆಯ ಮೆಟ್ಟಿಲು ಅದನ್ನು ಮಾಡಿದ ಬಗೆಯನ್ನು ತಿಳಿಯುವುದು. ನಯಗೊಳಿಸಿದ ತಾಮ್ರದ ತಗಡಿನ ಮೇಲೆ ಚೂಪಾದ ಉಕ್ಕಿನ ಉಳಿಯಿಂದ ಗೆರೆಗಳನ್ನು ಕೊರೆಯುತ್ತಾರೆ. ತಗಡಿಗೆಲ್ಲ ಮಸಿ ಬಳಿದು, ಮೇಲ್ಮೈಯನ್ನು ಒರೆಸುತ್ತಾರೆ. ಕೊರೆದ ಗೆರೆಗಳೊಳಗೆ ಮಾತ್ರ ಮಸಿ ಉಳಿಯುತ್ತದೆ. ಒದ್ದೆ ಕಾಗದವನ್ನು ಮೇಲಿಟ್ಟು ಬಲವಾಗಿ ಒತ್ತಿದಾಗ ಕಾಗದ ಆ ಮಸಿಯನ್ನು ಎಳೆದುಕೊಳ್ಳುತ್ತದೆ. ತಗಡಿನ ಮೇಲೆ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುವುದರಿಂದ ಕೊರೆಯುವವನು ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯಬೇಕು.

ಶಾಸನಗಳ ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಇದರ ಸ್ವಾರಸ್ಯ ಬೇಗ ತಿಳಿಯುತ್ತದೆ. ಭಟ್ಕಳ ಮತ್ತು ಹಾಡುವಳ್ಳಿಯ ಕಡೆಯ ಶಾಸನಗಳನ್ನು ಹೀಗೆಯೇ ಪಡಿಯಚ್ಚು ತೆಗೆದು ಓದಿದ್ದಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅಂಟಿಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಯೊಳಗೆ ಇಳಿಸುತ್ತಾರೆ. ಆಮೇಲೆ ಮೇಲಿನಿಂದ ಮಸಿಯ ಉಂಡೆಯಿಂದ ತಟ್ಟುತ್ತಾರೆ. ಅಲ್ಲಿ ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ, ಕೊರೆಯದ ಕಲ್ಲು ಕಪ್ಪಾಗುತ್ತದೆ. ತಾಮ್ರದ ಅಚ್ಚಿನಲ್ಲಿ ಇದಕ್ಕೆ ವಿಪರ್ಯಾಸ: ಕೊರೆದದ್ದು ಕಪ್ಪು, ಕೊರೆಯದೆ ಬಿಟ್ಟದ್ದು ಬಿಳಿ. ಹಾಗಾಗಿ ಹಾರ್ಲೆಮಿನ ಚಿತ್ರದಲ್ಲಿ ಬೆಳ್ಳಗೆ ಕಾಣುವ ಗೋಡೆಯೆಂದರೆ ಉಳಿ ಮುಟ್ಟದೆ ಬಿಟ್ಟ ಅಥವಾ ಅತಿ ವಿರಳವಾಗಿ ಮುಟ್ಟಿದ ಜಾಗ. ಕಲೆಗಾರನು ಬಿಳುಪನ್ನು ಬರೆದಿಲ್ಲ, ಬರೆಯದೆ ಉಳಿಸಿದ್ದಾನೆ. ಆ ಇಗರ್ಜಿಯ ಚರಿತ್ರೆಯನ್ನು ನೋಡಿದರೆ, ಗೋಡೆಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ಎರಡನೆಯ ಮೆಟ್ಟಿಲು ಅದೇ: ಇಲ್ಲಿ ಇಲ್ಲದಿರುವುದು ಯಾವುದು?

ಕುಮಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ವರ್ಣನೆಯೆಂದರೇನೆಂಬುದನ್ನು ವಿವರಿಸುವಾಗ, ಈ ಬಗೆಯ ಚಿತ್ರವೊಂದರ ಪ್ರತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು "ಕಂಡದ್ದನ್ನು ಹೇಳಿ" ಎನ್ನುತ್ತಿದ್ದೆ. ಒಂದು ವರ್ಷ ಬಂದ ಮೂರು ಉತ್ತರಗಳು ನನ್ನ ನೆನಪಿನಲ್ಲಿ ಉಳಿದಿವೆ. ಕುಮಟೆಯ ಹುಡುಗನೊಬ್ಬ, "ಸರ್, ಇದು ಬಂದರದ ಗೋದಾಮಿನ ಹಾಗೆ ಕಾಣುತ್ತದೆ" ಎಂದ. ಹೊನ್ನಾವರದ ಕಡೆಯ ಕ್ರೈಸ್ತ ಹುಡುಗಿ ಚಿತ್ರವನ್ನು ಬಹಳ ಹೊತ್ತು ನೋಡಿ, "ಇಗರ್ಜಿಯಾದರೆ ಆಲ್ತಾರು ಎಲ್ಲಿ ಸರ್? ಸಂತರ ಮೂರ್ತಿಗಳೆಲ್ಲಿ?" ಎಂದು ಕೇಳಿದಳು. ಭಟ್ಕಳದ ನವಾಯತ ಹುಡುಗ ಮಾತ್ರ ಸರಾಗವಾಗಿ, "ನಮ್ಮ ಪಳ್ಳಿಯ ಹಾಗೇ ಇದೆಯಲ್ಲ ಸರ್" ಎಂದ. ಮೂವರೂ ಸರಿಯಾಗಿಯೇ ನೋಡಿದ್ದರು. ಒಬ್ಬನಿಗೆ ಬರಿದಾಗಿರುವುದು ಕಂಡಿತು. ಒಬ್ಬಳಿಗೆ ಕಾಣೆಯಾದದ್ದು ಕಂಡಿತು. ಮತ್ತೊಬ್ಬನಿಗೆ ಆ ಬರಿದುತನದ ಉದ್ದೇಶವೇ ಕಂಡಿತು. ಮೂರನ್ನೂ ಕೂಡಿಸಿದರೆ ಚಿತ್ರದ ಅರ್ಥ ಸಿಕ್ಕುತ್ತದೆ.

ಕಾಣೆಯಾದದ್ದರ ಕಥೆ ಹೀಗಿದೆ. ಸಂತ ಬಾವೋನ ಇಗರ್ಜಿ ಮೂಲದಲ್ಲಿ ಕಥೋಲಿಕರದು. ನಮ್ಮ ಚಂದಾವರದ ಇಗರ್ಜಿಯಲ್ಲಿರುವಂತೆ ಅಲ್ಲಿಯೂ ವೇದಿಕೆಗಳು, ಸಂತರ ಮೂರ್ತಿಗಳು, ಮೇಣದ ದೀಪಗಳು ಇದ್ದವು. ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನನ ಮತಸುಧಾರಣೆ ಆ ನಾಡಿಗೆ ಬಂದಿತು. ಮೂರ್ತಿಯನ್ನು ಪೂಜಿಸುವುದು ದೇವರ ಆಜ್ಞೆಗೆ ವಿರುದ್ಧವೆಂಬುದು ಅದರ ಬೋಧೆ. 1566ರಲ್ಲಿ ಅಲ್ಲಿನ ಊರೂರುಗಳಲ್ಲಿ ಮೂರ್ತಿಭಂಜನೆ ನಡೆಯಿತು. ಹಾರ್ಲೆಮಿಗೆ ಆ ಗತಿ ಬಂದದ್ದು ತಡವಾಗಿ. ಅದು ಮೊದಲು ಸ್ಪೇನಿನ ಸೈನ್ಯದ ಮುತ್ತಿಗೆಗೆ ಸಿಕ್ಕಿ 1573ರಲ್ಲಿ ಸೋತಿತು. ಬಳಿಕ ಮತ್ತೆ ಬಂಡಾಯಗಾರರ ಪಕ್ಷಕ್ಕೆ ಬಂದಿತು. 1578ರ ಮೇ 29ರಂದು, ಕಥೋಲಿಕರು ಹಬ್ಬ ಆಚರಿಸುತ್ತಿದ್ದ ಹೊತ್ತಿನಲ್ಲಿ, ಸೈನಿಕರು ಇಗರ್ಜಿಗೆ ನುಗ್ಗಿ ಲೂಟಿಮಾಡಿದರು. ಪಾದ್ರಿಯೊಬ್ಬ ಪ್ರಾಣ ಕಳೆದುಕೊಂಡ. ಆಮೇಲೆ ಇಗರ್ಜಿ ಸುಧಾರಣಾವಾದಿಗಳ ಕೈಸೇರಿತು. ಹಾಲೆಂಡಿನ ಇಗರ್ಜಿಗಳ ಬಣ್ಣದ ಗೋಡೆಗಳು ಸುಣ್ಣದಡಿಗೆ ಹೋದವು. ಕಡಲತಡಿಯ ಆ ದೇಶದಲ್ಲಿ ಸುಣ್ಣ ಮಾಡುತ್ತಿದ್ದುದು ಕಡಲ ಚಿಪ್ಪನ್ನು ಸುಟ್ಟು. ಅಘನಾಶಿನಿಯ ಅಳಿವೆಯ ಚಿಪ್ಪುಸುಣ್ಣವನ್ನು ಬಲ್ಲ ನಮಗೆ ಆ ಬಿಳುಪು ಅಪರಿಚಿತವಲ್ಲ.

ಈಗ ಲೆಕ್ಕ ಹಾಕಿ. 1578ರಿಂದ 1628ಕ್ಕೆ ಐವತ್ತು ವರ್ಷ. ಆಂಪ್ಸಿಂಗನ ಗ್ರಂಥ ಅಚ್ಚಾದಾಗ ಆ ದಿನವನ್ನು ಬಾಲ್ಯದಲ್ಲಿ ಕಂಡಿದ್ದ ಅರವತ್ತರ ಮುದುಕರು ಹಾರ್ಲೆಮಿನಲ್ಲಿ ಇದ್ದೇ ಇದ್ದಿರಬೇಕು. ಅವರು ಅದೇ ಕಂಬಗಳ ನಡುವೆ ಓಡಾಡುತ್ತಿದ್ದವರು. ಚಿತ್ರದಲ್ಲಿ ಆ ದಿನದ ಗುರುತೊಂದೂ ಇಲ್ಲ. ಬಿಳುಪು ಅಲ್ಲಿ ಶಾಂತಿಯಂತೆ ಕಾಣುತ್ತದೆ. ಅದು ಶಾಂತಿಯೂ ಹೌದು, ಮುಚ್ಚಿದ ಗಾಯವೂ ಹೌದು. ಇದನ್ನರಿಯದೆ ಚಿತ್ರವನ್ನು ಬರಿಯ ಸೌಂದರ್ಯವೆಂದು ಮೆಚ್ಚುವುದು ಅರ್ಧ ಓದು. ಬರಿಯ ಹಿಂಸೆಯ ಫಲವೆಂದು ತಳ್ಳಿಬಿಡುವುದೂ ಅರ್ಧ ಓದೇ.

ಏಕೆಂದರೆ ಭಟ್ಕಳದ ಹುಡುಗ ಹೇಳಿದ ಮಾತೂ ನಿಜ. ಆ ಗೋಡೆಯನ್ನು ಬರಿದಾಗಿಟ್ಟವರಿಗೆ ಬರಿದುತನವೇ ಭಕ್ತಿಯಾಗಿತ್ತು. ಭಟ್ಕಳದ ಜಾಮಿಯಾ ಮಸೀದಿಯನ್ನು ಜನ 'ಚಿನ್ನದ ಪಳ್ಳಿ' ಎನ್ನುತ್ತಾರೆ. ಹೆಸರಿನಲ್ಲಿ ಚಿನ್ನವಿದ್ದರೂ ಎಲ್ಲ ಮಸೀದಿಗಳಂತೆ ಅಲ್ಲಿಯೂ ಮೂರ್ತಿಯಿಲ್ಲ, ದೇವರ ಚಿತ್ರವಿಲ್ಲ. ಮಸೀದಿಯಲ್ಲಿ ಖುತ್ಬಾ ಹೇಳಲು ಮಿಂಬರ್ ಇರುವಂತೆ, ಡಚ್ ಇಗರ್ಜಿಯಲ್ಲಿ ಕಂಬಕ್ಕೆ ತಗುಲಿಸಿದ ಎತ್ತರದ ಬೋಧನಪೀಠವಿರುತ್ತದೆ. ವೇದಿಕೆಯಲ್ಲಿ ಕಣ್ಣಿಗಿದ್ದ ಪ್ರಾಧಾನ್ಯ ಪೀಠದಲ್ಲಿ ಕಿವಿಗೆ ಬಂದಿತು. ಮೂರ್ತಿಗಳಿದ್ದ ಕಡೆ ಎಷ್ಟೋ ಇಗರ್ಜಿಗಳಲ್ಲಿ ದಶಾಜ್ಞೆಗಳನ್ನು ಬರೆದ ಹಲಗೆಗಳು ಬಂದವು. ನೋಡುವ ದೇವಾಲಯ ಕೇಳುವ ದೇವಾಲಯವಾಯಿತು. ವಚನಗಳನ್ನು ಓದಿದ ಕನ್ನಡಿಗನಿಗೆ, ಕಲ್ಲು ಮಣ್ಣುಗಳ ಆಲಯದ ಮೇಲಿನ ಶಂಕೆ ಹೊಸದಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನು ಬಿಟ್ಟು ದೇಹವನ್ನೇ ದೇಗುಲವೆಂದರು. ಹಾರ್ಲೆಮಿನವರು ಸ್ಥಾವರವನ್ನು ಉಳಿಸಿಕೊಂಡು ಅದರ ಒಳಗನ್ನು ಬರಿದುಮಾಡಿದರು.

ಮೂರನೆಯ ಮೆಟ್ಟಿಲು, ಬರಿದಾದ ಜಾಗದಲ್ಲಿ ಏನೇನು ಬಂದು ಸೇರಿಕೊಂಡಿತೆಂಬುದು. ಆ ಶತಮಾನದ ಡಚ್ ಕಲೆಗಾರರ ಇಗರ್ಜಿಯ ಚಿತ್ರಗಳನ್ನು ಒಟ್ಟಾಗಿ ನೋಡಿದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಕಾಣುತ್ತವೆ. ಜನ ಪ್ರಾರ್ಥನೆಯಲ್ಲಿಲ್ಲ, ಟೊಪ್ಪಿಗೆಯನ್ನೂ ತೆಗೆಯದೆ ಇಬ್ಬಿಬ್ಬರಾಗಿ ಮಾತನಾಡುತ್ತ ಅಡ್ಡಾಡುತ್ತಿದ್ದಾರೆ. ಮಕ್ಕಳಿದ್ದಾರೆ, ನಾಯಿಗಳಿವೆ. ನಮ್ಮ ಕಡೆಯ ದೇವಸ್ಥಾನದ ಚಂದ್ರಶಾಲೆಯಲ್ಲಿ ಪೂಜೆಯಿಲ್ಲದ ಹೊತ್ತಿನಲ್ಲಿ ಊರಿನವರು ಕುಳಿತು ಲೋಕಾಭಿರಾಮ ಮಾತನಾಡುವಂತೆ, ಅಲ್ಲಿಯೂ ವಾರದ ದಿನಗಳಲ್ಲಿ ಇಗರ್ಜಿ ಊರಿನ ಚಾವಡಿಯಾಗಿತ್ತು. ನಾಯಿಗಳ ಕಾಟ ಎಷ್ಟಿತ್ತೆಂದರೆ ಅವುಗಳನ್ನು ಓಡಿಸಲೆಂದೇ ಚಾಟಿ ಹಿಡಿದ ಒಬ್ಬ ನೌಕರನಿರುತ್ತಿದ್ದ. ಸಂತ ಬಾವೋನ ಇಗರ್ಜಿಯಲ್ಲಿ ಅವನ ಹೆಸರಿನ ಉಪಮಂದಿರವೇ ಇದೆ.

ಇನ್ನು ನೆಲ. ಇಗರ್ಜಿಯ ನೆಲವೆಲ್ಲ ಗೋರಿಯ ಚಪ್ಪಡಿ. ಕೆಲವು ಚಿತ್ರಗಳಲ್ಲಿ ಚಪ್ಪಡಿಯೊಂದನ್ನು ಎತ್ತಿಟ್ಟು ಗೋರಿ ತೋಡುವವನು ಕೆಲಸದಲ್ಲಿದ್ದಾನೆ. ಪಕ್ಕದಲ್ಲೇ ಜನ ಮಾತನಾಡುತ್ತಿದ್ದಾರೆ. ನಮಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಸಾವಿನ ಸೂತಕವನ್ನು ನಾವು ದೇವಾಲಯದಿಂದ ದೂರವಿಡುತ್ತೇವೆ. ನಮ್ಮ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಅಂಗಳದಲ್ಲಿ, ಹಾದಿಯ ಬದಿಯಲ್ಲಿ ನಿಲ್ಲುತ್ತವೆ. ಜೈನರ ನಿಷಿಧಿಗಲ್ಲುಗಳು ಸಮಾಧಿಮರಣವನ್ನು ಸಾರುತ್ತವೆಯೇ ಹೊರತು ಬಸದಿಯ ನೆಲದಡಿಯಲ್ಲಿ ದೇಹವನ್ನು ಇಡುವುದಿಲ್ಲ. ಡಚ್ಚರಿಗಾದರೋ ಕಾಲಕೆಳಗಿನ ಗೋರಿಯೇ ದಿನನಿತ್ಯದ ಉಪದೇಶ. ಗೋಡೆಯಿಂದ ಸಂತರನ್ನು ಇಳಿಸಿದವರು ನೆಲದಿಂದ ಸತ್ತವರನ್ನು ಎಬ್ಬಿಸಲಿಲ್ಲ.

ಗೋಡೆಯೂ ಬಹುಕಾಲ ಬರಿದಾಗಿ ಉಳಿಯಲಿಲ್ಲ. ಕಂಬಗಳ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತಹ ಮರದ ಹಲಗೆಗಳು ತೂಗುತ್ತಿರುವುದನ್ನು ಎಷ್ಟೋ ಚಿತ್ರಗಳಲ್ಲಿ ಕಾಣಬಹುದು. ಅವು ಸತ್ತ ಶ್ರೀಮಂತರ ವಂಶಲಾಂಛನಗಳು. ಶವಸಂಸ್ಕಾರದ ಬಳಿಕ ತೂಗುಹಾಕಿದವು. ದೇವರ ಮನೆಯಲ್ಲಿ ಸಂತನ ಮುಖಕ್ಕೆ ಜಾಗವಿಲ್ಲವೆಂದವರು ವರ್ತಕನ ಮನೆತನದ ಲಾಂಛನಕ್ಕೆ ಜಾಗ ಕೊಟ್ಟರು! 1795ರಲ್ಲಿ ಹಾಲೆಂಡಿನಲ್ಲಿ ಕ್ರಾಂತಿಯಾಗಿ, ಮನುಷ್ಯರೆಲ್ಲ ಸಮಾನರೆಂಬ ಘೋಷಣೆಯ ಹೆಸರಿನಲ್ಲಿ ಆ ಲಾಂಛನಗಳನ್ನೂ ಇಗರ್ಜಿಗಳಿಂದ ಕಿತ್ತುಹಾಕಲಾಯಿತು. ಹೀಗೆ ಆ ಗೋಡೆಗಳು ಎರಡು ಬಾರಿ ಬರಿದಾದವು: ಒಮ್ಮೆ ದೇವರ ಹೆಸರಿನಲ್ಲಿ, ಇನ್ನೊಮ್ಮೆ ಮನುಷ್ಯನ ಹೆಸರಿನಲ್ಲಿ.

ನಾಲ್ಕನೆಯ ಮೆಟ್ಟಿಲು, ನೋಡುವವನು ನಿಂತ ಜಾಗ. ಸಾನ್ರೆದಾಮ್ ಇಗರ್ಜಿಗಳನ್ನು ಅಳತೆಮಾಡಿ ಬರೆಯುತ್ತಿದ್ದವನು. ಮೊದಲು ಸ್ಥಳದಲ್ಲಿ ಕುಳಿತು ರೇಖಾಚಿತ್ರ, ಬಳಿಕ ಅಳತೆಗಳನ್ನಿಟ್ಟುಕೊಂಡು ರಚನೆಯ ನಕ್ಷೆ, ಎಷ್ಟೋ ವರ್ಷಗಳ ಮೇಲೆ ವರ್ಣಚಿತ್ರ. ಗೆರೆಗಳೆಲ್ಲ ದೂರದ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅದು ನೋಡುವವನ ಕಣ್ಣಿಗೆ ನೇರವಾದ ಬಿಂದು. ಇಡೀ ಮಂದಿರ ಒಬ್ಬನ ಒಂದು ಕಣ್ಣಿಗಾಗಿ, ಒಂದು ಕ್ಷಣದಲ್ಲಿ ತೆರೆದುಕೊಂಡಂತೆ ತೋರುತ್ತದೆ.

ಇದೇ ಕ್ರಮದಲ್ಲಿ ನಮ್ಮ ದೇವಾಲಯವನ್ನು ಬರೆಯಹೋದರೆ ಏನಾದೀತು? ಮೂಡಭಟ್ಕಳದ ಕೇತಪೈ ನಾರಾಯಣ ದೇವಾಲಯವನ್ನು ತೆಗೆದುಕೊಳ್ಳಿ. ಹದಿನಾರನೆಯ ಶತಮಾನದ್ದು. ಮರದ ಮನೆಯನ್ನೇ ಕಲ್ಲಿನಲ್ಲಿ ಕಟ್ಟಿದಂತೆ ಇಳಿಜಾರಾದ ಚಪ್ಪಡಿಯ ಮಾಡು. ಹೊರಗೋಡೆಯ ಪಟ್ಟಿಗಳಲ್ಲಿ ರಾಮಾಯಣದ ಕಥೆ. ಅದನ್ನು ನಿಂತಲ್ಲಿಂದ ನೋಡಲಾಗದು, ಸುತ್ತುತ್ತ ಓದಬೇಕು. ಕಾಲು ನಡೆದಂತೆ ಕಥೆ ನಡೆಯುತ್ತದೆ. ಒಳಗೆ ಹೋದಂತೆ ಬೆಳಕು ಕಡಮೆಯಾಗುತ್ತದೆ. ಗರ್ಭಗುಡಿಯ ಕತ್ತಲಲ್ಲಿ ಆರತಿ ಎತ್ತಿದಾಗ ಮಾತ್ರ ಮೂರ್ತಿ ಕಾಣುತ್ತದೆ. ಇನ್ನು ಕುಮಟಾ ತಾಲ್ಲೂಕಿನ ಗೋಕರ್ಣಕ್ಕೆ ಹೋದರೆ, ಆತ್ಮಲಿಂಗದ ದರ್ಶನವಾಗುವುದು ಪೀಠದ ರಂಧ್ರದಲ್ಲಿ ಬೆರಳಿಟ್ಟು ಮುಟ್ಟಿದಾಗ. ಕಣ್ಣಿನ ಬಿಂದುವೊಂದನ್ನೇ ನಂಬಿದ ಚಿತ್ರಕಾರ ಅಲ್ಲಿ ಏನನ್ನು ಬರೆದಾನು? ಹಾರ್ಲೆಮಿನಲ್ಲಿ ಕಿವಿ, ಭಟ್ಕಳದ ಪ್ರದಕ್ಷಿಣೆಯಲ್ಲಿ ಕಾಲು, ಗೋಕರ್ಣದಲ್ಲಿ ಬೆರಳು. ಯಾವ ಇಂದ್ರಿಯಕ್ಕಾಗಿ ಆ ಮಂದಿರ ಕಟ್ಟಿದ್ದೆಂದು ತಿಳಿಯದೆ ಅದರ ಚಿತ್ರವನ್ನು ಓದಲಾಗದು.

ಅಳತೆಯ ಚಿತ್ರವೆಂದಮೇಲೆ ಅದು ಸತ್ಯವೇ ಇರಬೇಕೆಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕಾಗುತ್ತದೆ. ಸ್-ಹೆರ್ಟೊಘೆನ್‌ಬೋಸ್ ಎಂಬ ಊರಿನ ಸಂತ ಯೋಹಾನನ ಇಗರ್ಜಿಯನ್ನು ಸಾನ್ರೆದಾಮ್ 1632ರಲ್ಲಿ ಸ್ಥಳದಲ್ಲೇ ಚಿತ್ರಿಸಿಕೊಂಡು, 1646ರಲ್ಲಿ ಅದರ ವರ್ಣಚಿತ್ರ ಬರೆದ. ಆ ಊರು 1629ರಲ್ಲಿ ಕಥೋಲಿಕರ ಕೈಯಿಂದ ಡಚ್ಚರ ಕೈಗೆ ಬಂದಮೇಲೆ ಅಲ್ಲಿನ ವೇದಿಕೆಯ ಚಿತ್ರಪಟ ಅಲ್ಲಿ ಉಳಿದಿರಲಿಲ್ಲ. ಆದರೂ ಅವನ ವರ್ಣಚಿತ್ರದಲ್ಲಿ ವೇದಿಕೆಯ ಚೌಕಟ್ಟು ಖಾಲಿಯಿಲ್ಲ, ಅಲ್ಲಿ ಪಟವೊಂದಿದೆ. ಕಂಬದ ಅಂತರವನ್ನು ಗೇಣು ತಪ್ಪದೆ ಬರೆದವನೇ ಇಲ್ಲದ ಪಟವನ್ನು ತಂದು ಕೂರಿಸಿದ. ಕೊಳ್ಳುವವನ ಅಪೇಕ್ಷೆಯೋ, ಊರಿನ ಹಳೆಯ ನೆನಪಿಗೆ ತೋರಿದ ಗೌರವವೋ, ಅಂತೂ ಆ ಪಟ ಚಿತ್ರದಲ್ಲಿ ಉಳಿಯಿತು. ಚಿತ್ರವೆಂಬುದು ಸಾಕ್ಷಿಯ ಹೇಳಿಕೆಯಿದ್ದಂತೆ. ಸಾಕ್ಷಿ ಪ್ರಾಮಾಣಿಕನಾಗಿದ್ದರೂ ಅವನಿಗೆ ತನ್ನದೇ ಆದ ಆಸೆಗಳಿರುತ್ತವೆ.

ಇಷ್ಟರಮಟ್ಟಿಗೆ ಅವರ ಮಂದಿರವನ್ನು ನಾವು ಓದಿದ್ದಾಯಿತು. ಅವರು ನಮ್ಮದನ್ನು ಹೇಗೆ ಓದಿದರು? ಈ ಪ್ರಶ್ನೆಗೂ ಹಾರ್ಲೆಮಿನಿಂದಲೇ ಉತ್ತರ ಬರುತ್ತದೆಂಬುದು ಸೋಜಿಗ. 1563ರಲ್ಲಿ ಆ ಊರಿನಲ್ಲಿ ಹುಟ್ಟಿದ ಯಾನ್ ಹೌಖೆನ್ ವಾನ್ ಲಿನ್‌ಸ್ಖೋಟೆನ್ 1583ರಲ್ಲಿ ಗೋವೆಗೆ ಬಂದು, ಆರ್ಚ್‌ಬಿಷಪ್ಪರ ಬಳಿ ಲೆಕ್ಕಪತ್ರದ ಕೆಲಸದಲ್ಲಿ ಐದಾರು ವರ್ಷ ಇದ್ದ. 1596ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಹೊನ್ನಾವರದ ಪ್ರಸ್ತಾಪವಿದೆ, ಇಲ್ಲಿನ ಮೆಣಸಿನ ಪ್ರಸ್ತಾಪವಿದೆ. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಜರು 'ಮೆಣಸಿನ ರಾಣಿ' ಎಂದು ಕರೆಯುತ್ತಿದ್ದ ಕಾಲವದು. ಆ ಗ್ರಂಥಕ್ಕಾಗಿ ದೊಯೆಟೆಕುಮ್ ಮನೆತನದವರು ಕೊರೆದ ತಾಮ್ರದ ಚಿತ್ರಗಳಲ್ಲಿ ಒಂದು, ನಮ್ಮ ನಾಡಿನ ಗುಡಿ ಮತ್ತು ಮಸೀದಿಗಳದು. ಗುಡಿಯಲ್ಲಿ ಕುಳಿತ ದೇವರಿಗೆ ಕೊಂಬು, ಕೋರೆಹಲ್ಲು. ಹೊಟ್ಟೆಯ ಬಳಿ ಇನ್ನೊಂದು ಮುಖ. ನೋಡಿದವರು ಪಿಶಾಚಿಯೆಂದೇ ತಿಳಿಯಬೇಕು.

ಕೊರೆದವರು ನಮ್ಮ ಗುಡಿಯನ್ನು ಕಂಡವರಲ್ಲ. ಅವರಿಗೆ ಗೊತ್ತಿದ್ದ ಪಿಶಾಚಿಯ ರೂಪ ಅವರ ಊರಿನ ಇಗರ್ಜಿಗಳ ಹಳೆಯ ಚಿತ್ರಗಳಲ್ಲಿದ್ದದ್ದು. ಹೊಟ್ಟೆಯ ಮೇಲಿನ ಮುಖಕ್ಕೆ ನಮ್ಮ ಶಿಲ್ಪವನ್ನು ಬಲ್ಲವರು ಒಂದು ಸರಳ ಸಮಾಧಾನ ಹೇಳಬಹುದು: ಮೂರ್ತಿಗಳ ನಡುಪಟ್ಟಿಯ ನಡುವೆ ಸಿಂಹಮುಖವನ್ನು ಕೆತ್ತುವುದು ನಮ್ಮಲ್ಲಿ ರೂಢಿ. ಕಂಡವನಿಗೆ ಆಭರಣವೆಂದು ತಿಳಿಯಲಿಲ್ಲ, ಕೊರೆದವನಿಗೆ ಅದು ಅಂಗವಾಯಿತು. ಇದರ ವಿರುದ್ಧ ದಿಕ್ಕಿನ ತಪ್ಪೂ ನಡೆದಿದೆ. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ದ ಗಾಮನ ಸಂಗಡಿಗರು ಅಲ್ಲಿನ ಗುಡಿಯನ್ನು ಇಗರ್ಜಿಯೆಂದೇ ತಿಳಿದು ಮಂಡಿಯೂರಿದರು; ಗೋಡೆಯ ಮೇಲಿದ್ದ, ಕೋರೆಹಲ್ಲಿನ, ನಾಲ್ಕೈದು ಕೈಗಳ ರೂಪಗಳನ್ನು ಸಂತರೆಂದು ಬರೆದಿಟ್ಟರು. ಅವರಲ್ಲೊಬ್ಬ ಅನುಮಾನಗೊಂಡು, ಇವು ಪಿಶಾಚಿಗಳಾಗಿದ್ದರೂ ತಾನು ನಮಿಸುವುದು ನಿಜವಾದ ದೇವರನ್ನೇ ಎಂದನಂತೆ. ಪೋರ್ಚುಗೀಜ ಚರಿತ್ರಕಾರ ಕಾಸ್ಟನ್ಯೇಡ ಈ ಪ್ರಸಂಗವನ್ನು ಹೇಳುತ್ತಾನೆ. ಒಬ್ಬನು ಪರಕೀಯವಾದುದರಲ್ಲಿ ತನ್ನ ದೇವರನ್ನು ಕಂಡ, ಇನ್ನೊಬ್ಬನು ತನ್ನ ಪಿಶಾಚಿಯನ್ನು ಕಂಡ. ಎದುರಿಗಿದ್ದದ್ದನ್ನು ಇಬ್ಬರೂ ಕಾಣಲಿಲ್ಲ.

ಎಲ್ಲರೂ ಹಾಗೆಯೇ ಇದ್ದರೆಂದು ಹೇಳಿದರೆ ಅನ್ಯಾಯವಾದೀತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಹೊನ್ನಾವರಕ್ಕೆ ಬಂದ. ಇಲ್ಲಿನ ರಾಮತೀರ್ಥವನ್ನು ನೋಡಿ, ಗೇರುಸೊಪ್ಪೆಯ ಮೇಲಾಗಿ ಘಟ್ಟ ಹತ್ತಿ, ಕೆಳದಿಯ ವೆಂಕಟಪ್ಪನಾಯಕನ ಇಕ್ಕೇರಿಗೆ ಹೋದ. ಅವನೂ ನಿಷ್ಠಾವಂತ ಕ್ರೈಸ್ತನೇ; ನಮ್ಮ ಪೂಜೆಯನ್ನು ಒಪ್ಪಿದವನಲ್ಲ. ಆದರೆ ದಾರಿಯಲ್ಲಿ ಕಂಡ ಗುಡಿಯ ತಳವಿನ್ಯಾಸವನ್ನು ಬರೆದುಕೊಂಡ, ಇದೇನು ಅದೇನು ಎಂದು ಜನರನ್ನು ಕೇಳಿದ, ರಾತ್ರಿಯ ಉತ್ಸವದಲ್ಲಿ ದೀಪಗಳೊಂದಿಗೆ ಪಲ್ಲಕ್ಕಿ ಹೊರಡುವುದನ್ನು ವಿವರವಾಗಿ ಬರೆದ. ಒಪ್ಪದೆಯೂ ಸರಿಯಾಗಿ ನೋಡಲು ಸಾಧ್ಯವೆಂಬುದಕ್ಕೆ ಅವನು ನಿದರ್ಶನ.

ಬರಿಗೋಡೆಯ ಇಗರ್ಜಿ ನಮ್ಮ ಪಡುವಣ ಕಡಲ ತೀರಕ್ಕೂ ಬಂದಿತು. 1663ರ ಜನವರಿಯಲ್ಲಿ ಡಚ್ಚರು ಕೊಚ್ಚಿಯನ್ನು ಪೋರ್ಚುಗೀಜರಿಂದ ಗೆದ್ದರು. ಅಲ್ಲಿದ್ದ ಕಥೋಲಿಕ ಇಗರ್ಜಿಗಳಲ್ಲಿ ಹೆಚ್ಚಿನವು ನೆಲಸಮವಾದವು. ಸಂತ ಫ್ರಾನ್ಸಿಸರ ಇಗರ್ಜಿಯನ್ನು ಉಳಿಸಿಕೊಂಡು ತಮ್ಮ ಪದ್ಧತಿಗೆ ಹೊಂದಿಸಿಕೊಂಡರು. ಇಂದಿಗೂ ಅಲ್ಲಿಗೆ ಹೋದವರು ಡಚ್ ಅಕ್ಷರಗಳನ್ನು ಕೆತ್ತಿದ ಗೋರಿಯ ಚಪ್ಪಡಿಗಳನ್ನು ಕಾಣಬಹುದು. ಮೊದಲು ನೆಲದಲ್ಲಿದ್ದ ಅವು ಈಗ ಗೋಡೆಗೆ ಆತು ನಿಂತಿವೆ. ಆ ದಂಡಯಾತ್ರೆಯ ಕಾಲ ಮಲಬಾರಿನಲ್ಲಿದ್ದ ಪಾದ್ರಿ ಬಾಲ್ದೆಯುಸ್ 1672ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹೊರತಂದ ಗ್ರಂಥದಲ್ಲಿ ವಿಷ್ಣುವಿನ ಅವತಾರಗಳ ತಾಮ್ರಚಿತ್ರಗಳಿವೆ. ಮೂರ್ತಿ ಸಲ್ಲದೆಂದು ಬೋಧಿಸುವವನ ಪುಸ್ತಕದಲ್ಲಿ ನಮ್ಮ ಮೂರ್ತಿಗಳು! ಹೆಸರು ವಿಗ್ರಹಾರಾಧನೆಯ ಖಂಡನೆ. ಆದರೆ ಯಾವ ಅವತಾರ ಯಾವುದೆಂದು ಗುರುತಿಸಬಲ್ಲಷ್ಟು ವಿವರ ಅದರಲ್ಲಿದೆ. ಎಪ್ಪತ್ತಾರು ವರ್ಷಗಳಲ್ಲಿ ಡಚ್ಚರ ಉಳಿ ಅಷ್ಟುದೂರ ಬಂದಿತ್ತು.

ಚಂದಾವರದಲ್ಲಿ ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಕ್ರೈಸ್ತರಷ್ಟೇ ಅಲ್ಲ, ಸುತ್ತಲಿನ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಅದೇ ಕರಾವಳಿಯ ಭಟ್ಕಳ 1993ರಲ್ಲಿ ಕಹಿಯಾದ ದಿನಗಳನ್ನೂ ಕಂಡಿತು. ಎರಡೂ ನಮ್ಮವೇ. ನೆರೆಯವನ ಪೂಜಾಸ್ಥಳವನ್ನು ನೋಡುವ ಕಣ್ಣು ತಾನಾಗಿ ಬರುವುದಿಲ್ಲ. ಕಾವ್ಯವನ್ನು ಓದಲು ಕಲಿತಂತೆ ಅದನ್ನೂ ಕಲಿಯಬೇಕಾಗುತ್ತದೆ. ಆ ಕಲಿಕೆಯ ಪಾಠಕ್ರಮ ದೊಡ್ಡದೇನಲ್ಲ. ಇದನ್ನು ಮಾಡಿದವರು ಯಾರು, ಹೇಗೆ ಮಾಡಿದರು? ಇಲ್ಲಿ ಇಲ್ಲದ್ದು ಯಾವುದು, ಏಕಿಲ್ಲ? ಆ ಜಾಗಕ್ಕೆ ಬಂದದ್ದು ಯಾವುದು? ನಾನು ಎಲ್ಲಿ ನಿಂತು ನೋಡುತ್ತಿದ್ದೇನೆ? ಹೇಳುತ್ತಿರುವವನನ್ನು ಎಷ್ಟು ನಂಬಬಹುದು? ಈ ಐದನ್ನು ಕೇಳಿಕೊಂಡರೆ ಗೋದಾಮಿನಂತೆ ಕಂಡದ್ದು ಮಂದಿರವಾಗುತ್ತದೆ, ಪಿಶಾಚಿಯಂತೆ ಕಂಡದ್ದು ದೇವರಾಗದಿದ್ದರೂ ನೆರೆಯವನ ದೇವರಾಗಿಯಾದರೂ ಕಾಣುತ್ತದೆ.

ಈ ಪ್ರಶ್ನೆಗಳನ್ನು ಪರೀಕ್ಷಿಸಲು ಹಾಲೆಂಡಿಗೇ ಹೋಗಬೇಕಾಗಿಲ್ಲ. ಹೊನ್ನಾವರದಿಂದ ಶರಾವತಿಯ ದಡ ಹಿಡಿದು ಮೇಲಕ್ಕೆ ಹೋದರೆ ನಗರಬಸ್ತಿಕೇರಿಯ ಕಾಡಿನಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ನಡುವೆ ನಾಲ್ಕು ದಿಕ್ಕಿಗೆ ಮುಖಮಾಡಿ ಕುಳಿತ ಜಿನಬಿಂಬಗಳು. ಸುತ್ತ ಮಾತ್ರ ರಾಣಿಯ ನಗರವಿಲ್ಲ, ಮೆಣಸಿನ ಮೂಟೆಗಳಿಲ್ಲ, ಬಂದುಹೋಗುವ ಜನರ ಸದ್ದಿಲ್ಲ, ಮರಗಳಿವೆ. ಹಾರ್ಲೆಮಿನಲ್ಲಿ ಊರು ಉಳಿದು ಮೂರ್ತಿಗಳು ಹೋದವು. ಗೇರುಸೊಪ್ಪೆಯಲ್ಲಿ ಮೂರ್ತಿಗಳು ಉಳಿದು ಊರು ಹೋಯಿತು. ಎರಡು ಕಡೆಯೂ ನಿಂತಿರುವುದು ಕಲ್ಲಿನ ಕಂಬ, ಬೀಳುತ್ತಿರುವುದು ಹಗಲಿನ ಬೆಳಕು. ಅದನ್ನು ಬರಿದು ಎಂದು ಕರೆಯುವ ಮೊದಲು ಅಲ್ಲಿಂದ ಹೋದದ್ದು ಯಾವುದೆಂದು ಒಮ್ಮೆ ಕೇಳಿಕೊಳ್ಳೋಣ.